ಡಿಸ್ಕ್ ಗಾಲ್ಫ್ ಪಂದ್ಯಕ್ಕೊಂದು ಅಗ್ಗದ ದೆವ್ವ ಹುಟ್ಟಿಸೋದು ಹೇಗೆ

ಡಿಸ್ಕ್ ಗಾಲ್ಫ್ ಟೂರ್ನಮೆಂಟ್ ನಡೆಸೋರು ಯಾರಾದ್ರೂ ಬಂದು "ಈ ಸಲ ಥೀಮ್ ಹಾರರ್ ಬಿ-ಮೂವಿ, ಒಂದು ಕ್ಯಾರೆಕ್ಟರ್ ಮಾಡ್ಕೊಡಿ, ಡಿಸ್ಕ್ ಮೇಲೆ ಹಾಕಿಸ್ಬೇಕು" ಅಂದ್ರೆ ನಿಮ್ಮ ಕೈ ತಾನಾಗೇ ಏನು ಬಿಡಿಸುತ್ತೆ ಅಂತ ನಾನು ಈಗ್ಲೇ ಹೇಳ್ಬಿಡ್ತೀನಿ: ಕೈಲಿ ಡಿಸ್ಕ್ ಹಿಡ್ಕೊಂಡಿರೋ ಜಾಂಬಿ. ಅದಲ್ಲ ಅಂದ್ರೆ ಪಕ್ಕೆಲುಬಿನ ಜಾಗದಲ್ಲಿ ಬಾಸ್ಕೆಟ್ ಚೈನ್ ನೇತಾಡ್ತಿರೋ ಅಸ್ಥಿಪಂಜರ. ನಾನೂ ಎರಡನ್ನೂ ಬಿಡಿಸಿದೀನಿ, ನೋಡೋಕೆ ಚೆನ್ನಾಗೇ ಇದ್ವು, ಆದ್ರೆ ಪಂದ್ಯ ಮುಗಿದು ಒಂದು ವಾರಕ್ಕೆ ಯಾರಿಗೂ ನೆನಪಿರ್ಲಿಲ್ಲ. ಯಾಕಂದ್ರೆ ಆ ಜಾಂಬಿ ಕೈಯಿಂದ ಡಿಸ್ಕ್ ಕಿತ್ಕೊಂಡು ಟೆನಿಸ್ ರಾಕೆಟ್ ಕೊಟ್ರೆ ಟೆನಿಸ್ ಜಾಂಬಿ, ಸೌಟು ಕೊಟ್ರೆ ಅಡುಗೆ ಜಾಂಬಿ, ದೆವ್ವಕ್ಕೂ ಆಟಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ದೆವ್ವ ಆಟದ ಒಳಗಿಂದಾನೇ ಎದ್ದು ಬರ್ಬೇಕು, ಆಟಗಾರರಿಗೆ ದಿನಾ ಆಗೋ ಹೊಟ್ಟೆಉರಿಯಿಂದ ಹುಟ್ಬೇಕು, ಆಮೇಲೆ ಒಂದೇ ಬಣ್ಣದ ಫಾಯಿಲ್‌ನಲ್ಲಿ ಒತ್ತಿದ್ರೂ ದೂರದಿಂದ ಗುರುತು ಸಿಗ್ಬೇಕು. ಇದನ್ನ ಹೇಗೆ ಮಾಡೋದು ಅಂತ ನಾನು ಕಲಿತಿರೋ ಕ್ರಮದಲ್ಲೇ ಹೇಳ್ತೀನಿ, ನಡುನಡುವೆ ಎಡವಿದ್ದೂ ಸೇರಿಸಿ.

ಆಟ ಗೊತ್ತಿಲ್ದೇ ಇರೋರಿಗೆ ಎರಡೇ ಮಾತು. ಗಾಲ್ಫ್ ಥರಾನೇ, ಚೆಂಡಿನ ಬದ್ಲು ಡಿಸ್ಕ್, ಗುಂಡಿ ಬದ್ಲು ಕಬ್ಬಿಣದ ಕಂಬಕ್ಕೆ ಚೈನ್ ನೇತಾಕಿರೋ ಬಾಸ್ಕೆಟ್. ಎಸೆತ ಶುರು ಮಾಡೋ ಟೀ ಪ್ಯಾಡ್‌ನಿಂದ ಎಸೀತಾ ಹೋಗಿ ಎಷ್ಟು ಕಡಿಮೆ ಎಸೆತದಲ್ಲಿ ಬಾಸ್ಕೆಟ್‌ಗೆ ಹಾಕ್ತೀರ ಅನ್ನೋದೇ ಲೆಕ್ಕ. ಬಹಳಷ್ಟು ಕೋರ್ಸ್‌ಗಳು ಮರಗಿಡ, ಹಳ್ಳ, ಕೆರೆ ಇರೋ ಪಾರ್ಕ್‌ಗಳಲ್ಲೇ ಇರೋದ್ರಿಂದ ದೆವ್ವಕ್ಕೆ ಜಾಗ ಹುಡುಕೋ ಕಷ್ಟ ನಿಮಗಿಲ್ಲ.

ಇನ್ನೊಂದು ವಿಷ್ಯ, ಈ ಎರಡೂ ಲೋಕ ಮೊದಲಿಂದಾನೇ ನೆಂಟರು. ಬಿ-ಮೂವಿ ಅನ್ನೋ ಹೆಸರು ಬಂದಿದ್ದು 1930ರ ದಶಕದ ಅಮೆರಿಕದಲ್ಲಿ, ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸ್ತಿದ್ರಲ್ಲ, ಅದ್ರಲ್ಲಿ ಕಡಿಮೆ ದುಡ್ಡಲ್ಲಿ ಮಾಡಿದ ಎರಡನೇದು ಬಿ. ಆಮೇಲೆ 1950ರ ದಶಕದಲ್ಲಿ ಹಾರುವ ತಟ್ಟೆ ಹುಚ್ಚು ಹಿಡೀತು, ಅಗ್ಗದ ಸಿನಿಮಾಗಳ ತುಂಬ ಅನ್ಯಗ್ರಹದೋರು. ಅದೇ ಹುಚ್ಚಿನ ಮೇಲೆ ಸವಾರಿ ಮಾಡ್ಕೊಂಡು ವ್ಹಾಮ್-ಓ ಕಂಪನಿ 1957ರಲ್ಲಿ ಪ್ಲೂಟೋ ಪ್ಲ್ಯಾಟರ್ ಅಂತ ಪ್ಲಾಸ್ಟಿಕ್ ತಟ್ಟೆ ಮಾರೋಕೆ ಶುರು ಮಾಡ್ತು, ಅದರ ಅಂಚಲ್ಲಿ ಗ್ರಹಗಳ ಹೆಸರು ಬೇರೆ ಇತ್ತು. ಅದೇ ವರ್ಷ ಅದಕ್ಕೆ ಫ್ರಿಸ್ಬೀ ಅಂತ ಹೆಸರಾಯ್ತು. ಅಂದ್ರೆ ನೀವು ಎಸೆಯೋ ಡಿಸ್ಕೇ ಬಿ-ಮೂವಿ ಕಾಲದ ಆಟದ ಸಾಮಾನು, ಸುಮ್ನೆ ಎರಡು ಬೇರೆ ಬೇರೆ ಬಟ್ಟೆ ಹೊಲ್ದು ಒಂದು ಮಾಡ್ತಿಲ್ಲ ನೀವು.

ಮೊದ್ಲು ಟೈಟಲ್, ಆಮೇಲೆ ದೆವ್ವ

ಪೆನ್ಸಿಲ್ ಕೆಳಗಿಡಿ, ಇನ್ನೂ ಟೈಮ್ ಇದೆ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಒಂದು ಕಂಪನಿ ಇತ್ತು, 1950-60ರ ದಶಕದಲ್ಲಿ ಇಂಥ ಅಗ್ಗದ ಸಿನಿಮಾಗಳನ್ನ ಸಾಲುಸಾಲಾಗಿ ತೆಗೆದೋರು. ಅವ್ರು ಎಷ್ಟೋ ಸಲ ಮೊದ್ಲು ಟೈಟಲ್ ಹುಟ್ಟಿಸಿ, ಪೋಸ್ಟರ್ ಬರೆಸಿ, ಥಿಯೇಟರ್‌ನೋರಿಗೆ ತೋರಿಸಿ, ಅವ್ರು ಹೂಂ ಅಂದ್ಮೇಲೆ ಕಥೆ ಬರೆಸ್ತಿದ್ರು. ಕೇಳೋಕೆ ತಮಾಷೆ ಅನ್ಸುತ್ತೆ ಆದ್ರೆ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆ ದಾರಿ ನಾನು ನೋಡಿಲ್ಲ, ಯಾಕಂದ್ರೆ ನಮಗೆ ಸಿನಿಮಾ ಬೇಡ್ವೇ ಬೇಡ, ಬೇಕಾಗಿರೋದು ಪೋಸ್ಟರ್ ಮಾತ್ರ. ಟೈಟಲ್ ಸರಿಯಾಗಿ ಬಂದ್ರೆ ದೆವ್ವದ ಮುಖ ಅರ್ಧ ಅಲ್ಲೇ ಇರುತ್ತೆ.

ಹಾಗಾದ್ರೆ ಟೈಟಲ್ ಎಲ್ಲಿಂದ ತರೋದು? ಕೋರ್ಸ್‌ನಿಂದ. ಪಂದ್ಯ ನಡೆಯೋ ಕೋರ್ಸ್‌ಗೆ ಒಂದ್ಸಲ ಹೋಗಿ ಪೂರ್ತಿ ಹದಿನೆಂಟು ಹೋಲ್ (ಗುಂಡಿ ಇಲ್ದಿದ್ರೂ ಒಂದೊಂದು ಬಾಸ್ಕೆಟ್‌ವರೆಗಿನ ಆಟಕ್ಕೂ ಇದೇ ಹೆಸರು) ನಡೀರಿ, ಆಡೋಕೆ ಬರದಿದ್ರೂ ಪರವಾಗಿಲ್ಲ, ಆಡೋರ ಹಿಂದೆ ಸುಮ್ನೆ ನಡೀರಿ, ಅವ್ರು ಎಲ್ಲೆಲ್ಲಿ ಬೈಕೋತಾರೆ ಅಂತ ಬರ್ಕೊಳ್ಳಿ. ನಿಜ, ಬೈಗಳ ಪಟ್ಟಿನೇ ನಿಮ್ಮ ಕಚ್ಚಾ ಸಾಮಗ್ರಿ. ಎಸೆದ ಡಿಸ್ಕ್ ಹತ್ತೇ ಅಡಿ ಮುಂದೆ ಮರಕ್ಕೆ ಬಡಿದು ವಾಪಸ್ ಕಾಲ ಹತ್ರಾನೇ ಬಂದು ಬೀಳೋದು, ಪಟ್ ಮಾಡಿದ್ದು ಅಂದ್ರೆ ಹತ್ತಿರದಿಂದ ಬಾಸ್ಕೆಟ್‌ಗೆ ಎಸೆದಿದ್ದು ಚೈನ್‌ಗೆ ಸರಿಯಾಗಿ ತಾಗಿ ಆಮೇಲೆ ಉಗುಳಿದ ಹಾಗೆ ಆಚೆ ಬಂದು ಬೀಳೋದು, ನೆಲಕ್ಕೆ ಬಿದ್ದ ಡಿಸ್ಕ್ ಅಂಚಿನ ಮೇಲೆ ಎದ್ದು ನಿಂತು ಇಳಿಜಾರಲ್ಲಿ ಉರುಳ್ಕೊಂಡು ಉರುಳ್ಕೊಂಡು ಓಬಿ ಗೆರೆ, ಅಂದ್ರೆ ಆಟದ ಗಡಿ ದಾಟಿ ಹೋಗೋದು, ಕೈಲಿ ಒಂದು ಕ್ಷಣ ಜಾಸ್ತಿ ಸಿಕ್ಕಾಕ್ಕೊಂಡು ಪಕ್ಕದ ಹೋಲ್‌ನ ಆಟದ ದಾರಿ, ಅಂದ್ರೆ ಫೇರ್‌ವೇಗೆ ಹಾರೋದು. ಇವೆಲ್ಲ ನಡೆದಾಗ ಆಟಗಾರರು ಏನಂತಾರೆ ಕೇಳಿ. "ಆ ಮರಕ್ಕೆ ಕೈ ಇದೆ ಕಣೋ" ಅಂತಾರೆ. "ಬಾಸ್ಕೆಟ್ ನನ್ನ ಕಂಡ್ರೆ ಬಾಯಿ ಮುಚ್ಕೊಳುತ್ತೆ" ಅಂತಾರೆ. ಇಲ್ಲಿಗೆ ಎರಡು ದೆವ್ವ ಆಯ್ತು, ನೀವಿನ್ನೂ ಒಂದು ಗೆರೆ ಎಳೆದಿಲ್ಲ.

ನಾನು ಹಾಗೆ ನಡೆದ ದಿನ ಎಲ್ರೂ ಜಾಸ್ತಿ ಬೈಕೊಂಡಿದ್ದು ಏಳನೇ ಹೋಲ್‌ನಲ್ಲಿ. ಬಾಸ್ಕೆಟ್ ಹಿಂದೆ ಹೊಂಡ, ಪಾಚಿ ಕಟ್ಟಿ ಹಸಿರು ಕಂಬಳಿ ಹೊದ್ದಂಗಿತ್ತು, ಒಂದು ಸ್ವಲ್ಪ ಜೋರಾಗಿ ಬಂದ ಡಿಸ್ಕ್ ಬುಳುಕ್ ಅಂತ ಒಳಗೆ ಹೋದ್ರೆ ಮೇಲಿನ ಪಾಚಿ ನಿಧಾನಕ್ಕೆ ಮುಚ್ಕೊಂಡು ಏನೂ ಆಗೇ ಇಲ್ಲ ಅನ್ನೋ ಹಾಗೆ ಆಗ್ಬಿಡುತ್ತೆ. ಈಗ ಇಲ್ಲಿ ಒಂದು ವಿವರ ಗಮನಿಸಿ, ಡಿಸ್ಕ್ ಗಾಲ್ಫ್ ಆಡೋರು ಪ್ರತಿ ಡಿಸ್ಕ್ ಹಿಂದೆ ಮಾರ್ಕರ್‌ನಲ್ಲಿ ಹೆಸರು, ಫೋನ್ ನಂಬರ್ ಬರ್ದಿರ್ತಾರೆ, ಕಳೆದು ಹೋದ್ರೆ ಸಿಕ್ಕಿದೋರು ಫೋನ್ ಮಾಡ್ಲಿ ಅಂತ. ಅಂದ್ರೆ ಆ ಹೊಂಡದ ತಳದಲ್ಲಿ ವರ್ಷಗಟ್ಟಲೆಯಿಂದ ಹೆಸರು ನಂಬರ್ ಸಮೇತ ನೂರಾರು ಡಿಸ್ಕ್ ಬಿದ್ದಿವೆ. ಒಬ್ಬ ಅಲ್ಲಿ ಕೂತಿದಾನೆ ಅನ್ಕೊಳ್ಳಿ. ಅವನ ಹತ್ರ ಎಲ್ರ ನಂಬರೂ ಇದೆ.

ಟೈಟಲ್ ತಾನಾಗೇ ಬಂತು, "ಏಳನೇ ಹೋಲ್‌ನ ಕೆಸರಣ್ಣ". ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಟ್ಯಾಗ್‌ಲೈನ್, "ನಿಮ್ಮ ಡಿಸ್ಕ್ ಸಿಕ್ಕಿದೆ. ಬಂದು ತಗೊಂಡ್ಹೋಗಿ." ಹೊರಗಿನೋರಿಗೆ ಇದು ಮಾಮೂಲಿ ಮಾತು, ಆಡೋರು ಓದಿದ್ ತಕ್ಷಣ ನಗ್ತಾರೆ, ಯಾಕಂದ್ರೆ ಈ ಥರ ಮೆಸೇಜ್ ಅವ್ರಿಗೆ ನಿಜವಾಗ್ಲೂ ಬಂದಿರುತ್ತೆ. ಟ್ಯಾಗ್‌ಲೈನ್ ಪರೀಕ್ಷೆ ಅದೇ, ಆಡೋರಿಗೆ ಮಾತ್ರ ಚುಚ್ಬೇಕು.

(ಡಿಸ್ಕ್ ಒಳಗೆ ದೆವ್ವ ಅನ್ನೋ ಕಲ್ಪನೆ ಅತಿ ಆಯ್ತು ಅನ್ಸಿದ್ರೆ ಇದನ್ನ ಕೇಳಿ: ಈ ಚೈನ್ ಬಾಸ್ಕೆಟ್‌ಗೆ 1977ರಲ್ಲಿ ಪೇಟೆಂಟ್ ಪಡೆದ ಎಡ್ ಹೆಡ್ರಿಕ್, ಡಿಸ್ಕ್ ಗಾಲ್ಫ್‌ನ ಪಿತಾಮಹ ಅಂತಾರೆ ಅವ್ರನ್ನ, 2002ರಲ್ಲಿ ತೀರಿಕೊಂಡ್ರು. ಅವ್ರ ಆಸೆ ಪ್ರಕಾರ ಅವ್ರ ಚಿತಾಭಸ್ಮನ ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದ್ರು. ಇಂಥದ್ದೊಂದು ಸೀನ್ ಬರ್ಕೊಂಡು ಹೋದ್ರೆ ಬಿ-ಮೂವಿ ಪ್ರೊಡ್ಯೂಸರ್ ಕೂಡ ಸ್ವಲ್ಪ ಜಾಸ್ತಿ ಆಯ್ತು ಅಂತಿದ್ದ. ಇದನ್ನ ದಯವಿಟ್ಟು ಪೋಸ್ಟರ್‌ಗೆ ತರ್ಬೇಡಿ, ಗೌರವದ ವಿಷ್ಯ ಅದು.)

ಎರಡು ವಸ್ತು ಸೇರಿಸಿ, ಮೂರನೇದು ಬೇಡ

ಬಿ-ಮೂವಿ ದೆವ್ವ ಅಂದ್ರೆ ಕೆಟ್ಟದಾಗಿ ಬಿಡಿಸಿದ ದೆವ್ವ ಅಂತ ಸುಮಾರು ಜನ ತಪ್ಪು ತಿಳ್ಕೊಂಡಿದಾರೆ. ಹಂಗಲ್ಲ. ದುಡ್ಡಿಲ್ಲ, ಆದ್ರೆ ಮಾಡೋರು ಪೂರ್ತಿ ಸೀರಿಯಸ್ಸು, ಆ ಎರಡರ ನಡುವಿನ ಗ್ಯಾಪ್‌ನಲ್ಲಿ ನಗು ಇರೋದು. 1953ರ ರೋಬೋಟ್ ಮಾನ್‌ಸ್ಟರ್ ಸಿನಿಮಾದಲ್ಲಿ ಭೂಮಿನೇ ನಾಶ ಮಾಡೋಕೆ ಬಂದ ಅನ್ಯಗ್ರಹದ ರೋಬೋಟ್ ಬೇಕಿತ್ತು, ರೋಬೋಟ್ ಸೂಟ್‌ಗೆ ದುಡ್ಡಿಲ್ಲ, ಡೈರೆಕ್ಟರ್‌ಗೆ ಗೊತ್ತಿದ್ದ ಒಬ್ಬ ನಟನ ಹತ್ರ ಸ್ವಂತ ಗೊರಿಲ್ಲಾ ಸೂಟ್ ಇತ್ತು, ಅವನನ್ನೇ ಕರ್ಕೊಂಡು ಬಂದು ತಲೆ ಮೇಲೆ ಡೈವಿಂಗ್ ಹೆಲ್ಮೆಟ್ ಥರದ್ದೊಂದು ಇಟ್ರು. ಆಯ್ತು ದೆವ್ವ. ಎಪ್ಪತ್ತು ವರ್ಷ ಆದ್ರೂ ಆ ಆಕಾರ ಜನಕ್ಕೆ ನೆನಪಿದೆ, ಗೊರಿಲ್ಲಾ ಮೈ, ದುಂಡು ಹೆಲ್ಮೆಟ್, ಅಷ್ಟೇ. ಮೂರನೇ ವಸ್ತು ಇದ್ದಿದ್ರೆ ಮರ್ತುಬಿಡ್ತಿದ್ರು.

ಕೆಸರಣ್ಣನಿಗೆ ನಾನು ಮೊದ್ಲು ಏನೇನೋ ತುರುಕಿದ್ದೆ. ಕೊಂಬು, ಆಕ್ಟೋಪಸ್ ಕೈ, ಬಾಯಲ್ಲಿ ಚೈನ್, ಹೊಟ್ಟೇಲಿ ಇನ್ನೊಂದು ಮುಖ. ನೋಡಿದ ಫ್ರೆಂಡ್ ಒಬ್ಬ "ಇದೇನು ಗುಜರಿ ಅಂಗಡಿನಾ" ಅಂತ ಕೇಳ್ದ, ಸರಿಯಾಗೇ ಕೇಳ್ದ. ಆಮೇಲೆ ಎಲ್ಲ ಕಿತ್ತಾಕಿ ಎರಡೇ ಇಟ್ಕೊಂಡೆ. ಒಂದು, ಉದ್ದಕ್ಕೆ ಸಣಕಲಾಗಿ ಬೆನ್ನು ಬಾಗಿರೋ ಮುದುಕ, ಆ ಬೆನ್ನಿನ ಮೇಲೆ ಮೀನಿನ ಪೊರೆ ಥರ ಒಂದರ ಮೇಲೊಂದು ಕಳೆದುಹೋದ ಡಿಸ್ಕ್‌ಗಳು. ಎರಡು, ಕೈಲಿ ಈಟಿ ಥರ ಹಿಡಿದಿರೋ ರಿಟ್ರೀವರ್. ರಿಟ್ರೀವರ್ ಅಂದ್ರೆ ನೀರಲ್ಲಿ ಬಿದ್ದ ಡಿಸ್ಕ್ ಎಳೆಯೋಕೆ ಇಟ್ಕೊಳ್ಳೋ ಉದ್ದ ಮಡಚೋ ಕೋಲು, ತುದೀಲಿ ಕೊಕ್ಕೆನೋ ಬಳೆನೋ ಇರುತ್ತೆ. ಎರಡೂ ಆಟದ ಒಳಗಿನ ವಸ್ತುಗಳೇ, ಅವನ ಕೈಯಿಂದ ಅದನ್ನ ಕಿತ್ಕೊಂಡು ಟೆನಿಸ್ ರಾಕೆಟ್ ಕೊಡೋಕಾಗಲ್ಲ.

ಮನಸ್ಸು ಕೂಡ ಕೊಡಿ ದೆವ್ವಕ್ಕೆ. ಸುಮ್ನೆ ಕೊಲ್ಲೋಕೆ ಬರೋದು ಬೋರು. ಕೆಸರಣ್ಣ ಕೊಲ್ಲೋಕೆ ಬರಲ್ಲ, ಪಾಪ ಡಿಸ್ಕ್ ವಾಪಸ್ ಕೊಡೋಕೆ ಬರ್ತಾನೆ, ಜನ ಓಡ್ತಾರೆ. ಈ ಒಂದು ಸಾಲು ಗೊತ್ತಾದ್ಮೇಲೆ ಅವನ ಹುಬ್ಬು ಹೇಗಿರ್ಬೇಕು ಅಂತ ನನಗೆ ಗೊತ್ತಾಗೋಯ್ತು, ಸಿಟ್ಟಿಂದ ಕೆಳಗೆ ಇಳಿದಿರೋ ಹುಬ್ಬು ಅಳಿಸಿ, ನಡುವೆ ಮೇಲೆದ್ದಿರೋ ಬೇಜಾರಿನ ಹುಬ್ಬು ಹಾಕ್ದೆ, ಚಾಚಿದ ಕೈಲಿ ಒಂದು ಡಿಸ್ಕ್ ಇಟ್ಟೆ, ಕೈ ಅಂಗೈ ಮೇಲೆ ಮಾಡಿ, ಕೊಡೋ ಥರ. ಅಷ್ಟಕ್ಕೇ ಪೂರ್ತಿ ಚಿತ್ರ ಬೇರೆ ಆಯ್ತು.

ಕಾಪಿ ವಿಷ್ಯ, ಇಲ್ಲೇ ಹೇಳ್ಬಿಡ್ತೀನಿ

ನೀರಿನ ದೆವ್ವ ಅಂದ್ ತಕ್ಷಣ ಕೈ ಹೋಗೋದು ಮೀನಿನ ತುಟಿ, ಕಿವಿರು ಇರೋ ಆ 1954ರ ಯೂನಿವರ್ಸಲ್ ಸ್ಟುಡಿಯೋ ದೆವ್ವದ ಕಡೆಗೆ. ಬೇಡ. ಹಳೇ ಸಿನಿಮಾ, ಯಾರು ಕೇಳ್ತಾರೆ ಅನ್ಕೋಬೇಡಿ, ಹಳೇದೆಲ್ಲ ಫ್ರೀ ಅಲ್ಲ. ಸ್ಟುಡಿಯೋ ಇವತ್ತಿಗೂ ಆ ಕ್ಯಾರೆಕ್ಟರ್‌ಗಳನ್ನ ಇಟ್ಕೊಂಡು ವ್ಯಾಪಾರ ಮಾಡುತ್ತೆ, ನೀವು ಡಿಸ್ಕ್ ಮೇಲೆ ಒತ್ತಿ ಮಾರಿದ್ರೆ ಅದು ಫ್ಯಾನ್ ಆರ್ಟ್ ಅಂತ ತಪ್ಪಿಸ್ಕೊಳ್ಳೋಕೂ ಆಗಲ್ಲ, ದುಡ್ಡು ತಗೊಂಡಿರ್ತೀರಲ್ಲ.

ಕೆಲವು ನಿಜವಾಗ್ಲೂ ಫ್ರೀ ಇವೆ. 1968ರ ನೈಟ್ ಆಫ್ ದ ಲಿವಿಂಗ್ ಡೆಡ್ ಕಥೆ ಪ್ರಸಿದ್ಧ, ಕೊನೇ ಗಳಿಗೇಲಿ ಸಿನಿಮಾ ಹೆಸರು ಬದಲಾಯಿಸಿದಾಗ ಹಳೇ ಟೈಟಲ್ ಕಾರ್ಡ್ ಜೊತೆ ಕಾಪಿರೈಟ್ ಸೂಚನೆನೂ ಹೊರಟುಹೋಯ್ತು, ಆಗಿನ ಅಮೆರಿಕದ ಕಾನೂನಲ್ಲಿ ಆ ಸೂಚನೆ ಇಲ್ಲ ಅಂದ್ರೆ ಹಕ್ಕೂ ಇಲ್ಲ, ಸಿನಿಮಾ ಬಿಡುಗಡೆ ಆದ ದಿನದಿಂದಾನೇ ಸಾರ್ವಜನಿಕರ ಪಾಲು. ಆದ್ರೆ ಫ್ರೀ ಸಿಗುತ್ತೆ ಅಂತ ತಗೊಂಡ್ರೆ ಮತ್ತೆ ಅದೇ ಡಿಸ್ಕ್ ಹಿಡಿದ ಜಾಂಬಿಗೇ ಬಂದು ನಿಲ್ತೀರ. ಶೈಲಿ ತಗೊಳ್ಳಿ, ಮುಖ ತಗೋಬೇಡಿ. ವಾಲಿದ ದಪ್ಪ ಅಕ್ಷರ, ಕೆಳಗಿಂದ ಬೀಳೋ ಬೆಳಕು, ಮೂಲೇಲಿ ಓಡ್ತಿರೋ ಪುಟ್ಟ ಜನ, ಮೂರು ಆಶ್ಚರ್ಯಸೂಚಕ, ಇವು ಯಾರಪ್ಪನ ಆಸ್ತಿನೂ ಅಲ್ಲ.

ಅಂದಹಾಗೆ ಆ ಸಿನಿಮಾದ ರಕ್ತ ಚಾಕೊಲೇಟ್ ಸಿರಪ್. ಕಪ್ಪು ಬಿಳುಪು ಸಿನಿಮಾ ಆದ್ರಿಂದ ಕೆಂಪೇ ಬೇಕಾಗಿರ್ಲಿಲ್ಲ, ಗಟ್ಟಿಯಾಗಿ ಕಪ್ಪಗೆ ಹರಿದ್ರೆ ಸಾಕಿತ್ತು. ನಿಮ್ಮದೂ ಒಂದೇ ಬಣ್ಣದ ಕೆಲಸ, ಈ ಮಾತು ನೆನಪಿಟ್ಕೊಳ್ಳಿ.

ಈಗ ಬಿಡಿಸಿ, ಆದ್ರೆ ಚಿಕ್ಕದಾಗಿ

ದೊಡ್ಡ ಹಾಳೆ ತಗೋಬೇಡಿ. ಆಟದಲ್ಲಿ ಡಿಸ್ಕ್ ಬಿದ್ದ ಜಾಗ ಗುರುತು ಮಾಡೋಕೆ ಮಿನಿ ಅಂತ ಪುಟ್ಟ ಡಿಸ್ಕ್ ಬಳಸ್ತಾರೆ, ಸುಮಾರು 10 ಸೆಂಟಿಮೀಟರ್ ಅಗಲ. ಟೂರ್ನಮೆಂಟ್‌ನೋರು ನಾಳೆ ಇದೇ ಚಿತ್ರನ ಮಿನಿ ಮೇಲೂ ಹಾಕಿಸ್ತಾರೆ, ಗ್ಯಾರಂಟಿ, ಈಗ ಹೇಳದಿದ್ರೂ ಆಮೇಲೆ ಕೇಳ್ತಾರೆ. ಹಾಗಾಗಿ ಲೋಟ ಬೋರಲು ಹಾಕಿ ಏಳೆಂಟು ಸೆಂಟಿಮೀಟರ್ ವೃತ್ತಗಳನ್ನ ಎಳೆದು, ದಪ್ಪ ಸ್ಕೆಚ್ ಪೆನ್‌ನಲ್ಲಿ ಒಳಗೆಲ್ಲ ಕಪ್ಪು ತುಂಬಿ ಬರೀ ನೆರಳು ಬಿಡಿಸಿ. ಕಣ್ಣಿಲ್ಲ, ಮೂಗಿಲ್ಲ, ಬರೀ ಆಕಾರ. ಇಪ್ಪತ್ತು ಬಿಡಿಸಿ, ಗೋಡೆಗೆ ಅಂಟಿಸಿ, ರೂಮಿನ ಆ ತುದಿಗೆ ಹೋಗಿ ನಿಂತು ನೋಡಿ. ಯಾವುದು ಇದೇನು ಅಂತ ಗೊತ್ತಾಗಲ್ವೋ ಅದನ್ನ ಎಸೀರಿ, ಎಷ್ಟೇ ಇಷ್ಟ ಆಗಿದ್ರೂ. ಕೆಸರಣ್ಣನ ಇಪ್ಪತ್ತರಲ್ಲಿ ಉಳಿದಿದ್ದು ಎರಡೇ, ಮುಂದೆ ನೋಡ್ತಿರೋದೆಲ್ಲ ಬರೀ ಕಂಬದ ಥರ ಕಾಣ್ತಿತ್ತು, ಪಕ್ಕದಿಂದ ಬಿಡಿಸಿದಾಗ ಮಾತ್ರ ಬಾಗಿದ ಬೆನ್ನಿನ ಮೇಲೆ ಡಿಸ್ಕ್‌ಗಳ ಗರಗಸದಂಥ ಅಂಚು ಕಾಣಿಸ್ತು.

ಇನ್ನೊಂದು, ನಿಮ್ಮ ಕ್ಯಾನ್ವಾಸ್ ದುಂಡಗಿದೆ. ಚೌಕದ ಪೋಸ್ಟರ್ ಬಿಡಿಸಿ ಆಮೇಲೆ ವೃತ್ತಕ್ಕೆ ಕತ್ತರಿಸೋಕೆ ಹೋದ್ರೆ ಮೊದ್ಲು ಕೈ ಹೋಗುತ್ತೆ, ಆಮೇಲೆ ಟೈಟಲ್. ಮೊದಲಿಂದಾನೇ ದೆವ್ವನ ವೃತ್ತದೊಳಗೆ ಬಗ್ಗಿಸಿ ಕೂರಿಸಿ. ಕೆಸರಣ್ಣನ ಬೆನ್ನೇ ವೃತ್ತದ ಒಂದು ಬದಿ ಆಯ್ತು, ರಿಟ್ರೀವರ್ ಕೋಲು ಅಡ್ಡಡ್ಡ ಹೋಗಿ ವ್ಯಾಸದ ಕೆಲಸ ಮಾಡ್ತು, ಕೆಳಗೆ ಉಳಿದ ಜಾಗದಲ್ಲಿ ಹೊಂಡದ ಅಲೆಗಳು.

ಫಾಯಿಲ್ ಅನ್ನೋ ಅಸಲಿ ದೆವ್ವ

ಡಿಸ್ಕ್ ಮೇಲೆ ಚಿತ್ರ ಹಾಕೋದ್ರಲ್ಲಿ ತುಂಬಾ ಚಾಲ್ತಿಯಲ್ಲಿರೋದು ಹಾಟ್ ಸ್ಟ್ಯಾಂಪ್. ನಿಮ್ಮ ಚಿತ್ರನ ಲೋಹದ ಅಚ್ಚು ಮಾಡ್ತಾರೆ, ಅದನ್ನ ಬಿಸಿ ಮಾಡಿ, ನಡುವೆ ತೆಳು ಫಾಯಿಲ್ ಇಟ್ಟು ಡಿಸ್ಕ್ ಮೇಲೆ ಒತ್ತುತಾರೆ, ಅಚ್ಚು ಎಲ್ಲೆಲ್ಲಿ ತಾಗುತ್ತೋ ಅಲ್ಲಿ ಮಾತ್ರ ಫಾಯಿಲ್ ಅಂಟುತ್ತೆ. ಇದೆ ಅಥವಾ ಇಲ್ಲ, ಎರಡೇ. ನಡುವೆ ಬೂದು ಬಣ್ಣ, ಮಬ್ಬು ನೆರಳು ಅಂತ ಏನೂ ಇಲ್ಲ. ಎರಡು ಮೂರು ಬಣ್ಣ ಬೇಕಂದ್ರೆ ಅಷ್ಟು ಅಚ್ಚು, ಅಷ್ಟು ಸಲ ಒತ್ತೋದು. ಪೂರ್ತಿ ಕಲರ್ ಪ್ರಿಂಟ್ ಮಾಡೋ ವಿಧಾನಗಳೂ ಇವೆ, ಆದ್ರೆ ನನ್ನ ಕೇಳಿದ್ರೆ ಬಿ-ಮೂವಿ ಥೀಮ್‌ಗೆ ಒಂದೇ ಫಾಯಿಲ್ ಇರೋದೇ ಚೆಂದ, ದುಡ್ಡಿಲ್ದೇ ಮಾಡಿದ ಹಾಗೆ ಕಾಣ್ಬೇಕಲ್ಲ.

ಮೊದಲ ಸಲ ನಾನು ಮಾಡಿದ ಎಡವಟ್ಟು ಹೇಳ್ತೀನಿ. ಹೊಂಡದ ಮೇಲೆ ಮಂಜು ಬೇಕು ಅಂತ ಸಣ್ಣ ಸಣ್ಣ ಚುಕ್ಕಿ ಇಟ್ಟು ಇಟ್ಟು ಎರಡು ರಾತ್ರಿ ಕೂತು ಮಾಡಿದ್ದೆ, ಸ್ಕ್ರೀನ್ ಮೇಲೆ ಅದ್ಭುತವಾಗಿತ್ತು, ಡಿಸ್ಕ್ ಬಂದಾಗ ನೋಡಿದ್ರೆ ಒಂದು ಕಡೆ ಚುಕ್ಕಿಗಳೆಲ್ಲ ಕೂಡ್ಕೊಂಡು ದೋಸೆ ಥರ ಒಂದು ತೇಪೆ, ಇನ್ನೊಂದು ಕಡೆ ಅಂಟೇ ಇಲ್ಲ. ಮಂಜಲ್ಲ, ಚರ್ಮರೋಗ. ಆಮೇಲಿಂದ ನನ್ನ ರೂಲ್ ಏನಂದ್ರೆ ಅರ್ಧ ಮಿಲಿಮೀಟರ್‌ಗಿಂತ ತೆಳು ಗೆರೆ ಇಲ್ಲ, ಎರಡು ಗೆರೆ ನಡುವೆ ಅದಕ್ಕಿಂತ ಕಡಿಮೆ ಸಂದಿನೂ ಇಲ್ಲ, ನೆರಳು ಬೇಕಾದ್ರೆ ದಪ್ಪ ಓರೆ ಗೆರೆಗಳು. ಉಲ್ಟಾ ತಪ್ಪೂ ಇದೆ, ಅಂಗೈ ಅಗಲದಷ್ಟು ಜಾಗ ಪೂರ್ತಿ ಫಾಯಿಲ್ ತುಂಬಿಸಿದ್ರೆ ಒತ್ತೋವಾಗ ಅಲ್ಲಲ್ಲಿ ಹಿಡಿಯದೇ ಪುಟ್ಟ ತೂತು ಬೀಳುತ್ತೆ. ದೊಡ್ಡ ಕಪ್ಪು ಜಾಗ ಇದ್ರೆ ಒಳಗೆ ನಾಲ್ಕು ಗೆರೆ ಕೆತ್ತಿ ಒಡೀರಿ, ಕೆಸರಣ್ಣನ ಮೈಮೇಲೆ ಪಾಚಿ ನೇತಾಡಿದ್ದು ಹಾಗೇ, ಅಲಂಕಾರಕ್ಕಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಡಿಸ್ಕ್ ಬಣ್ಣ. ನೀವು ಬಿಳಿ ಹಾಳೆ ಮೇಲೆ ಕಪ್ಪಲ್ಲಿ ಬಿಡಿಸ್ತೀರ, ಬರೋ ಡಿಸ್ಕ್‌ಗಳು ಹಳದಿ, ನೀಲಿ, ಗುಲಾಬಿ, ಕಪ್ಪು, ಎಲ್ಲ ಮಿಕ್ಸ್. ಕಪ್ಪು ಡಿಸ್ಕ್ ಮೇಲೆ ಬೆಳ್ಳಿ ಫಾಯಿಲ್ ಒತ್ತಿದ್ರೆ ಗೆರೆ ಬೆಳ್ಳಗೆ, ಮುಖ ಕಪ್ಪಗೆ, ಹಳೇ ಕಾಲದ ಫೋಟೋ ನೆಗೆಟಿವ್ ನೋಡಿದ ಹಾಗೆ, ಕಣ್ಣಿನ ಬಿಳಿ ಭಾಗ ಕಪ್ಪು ಗುಂಡಿ ಆಗಿ ಪಾಪೆ ಹೊಳೆಯುತ್ತೆ. ಒಂದೊಂದ್ಸಲ ಇದು ದೆವ್ವಕ್ಕೆ ಒಳ್ಳೇದೇ ಆದ್ರೂ ಅದೃಷ್ಟಕ್ಕೆ ಬಿಡ್ಬೇಡಿ. ಚಿತ್ರ ಮುಗಿದ ಮೇಲೆ ಸಾಫ್ಟ್‌ವೇರ್‌ನಲ್ಲಿ ಇನ್‌ವರ್ಟ್ ಒತ್ತಿ, ಎರಡನ್ನೂ ಪಕ್ಕಪಕ್ಕ ಇಟ್ಟು ಎರಡರಲ್ಲೂ ಅದೇ ದೆವ್ವ ಕಾಣುತ್ತಾ ನೋಡಿ. ಕಾಣ್ಲಿಲ್ಲ ಅಂದ್ರೆ ಮುಖದಲ್ಲಿ ಬೆಳಕು ನೆರಳಿನ ಆಟ ಜಾಸ್ತಿ ಆಗಿದೆ ಅಂತ. ನಾನು ಕೆಸರಣ್ಣನ ಕಣ್ಣನ್ನ ಎರಡು ತುಂಬಿದ ವೃತ್ತ ಮಾಡ್ಬಿಟ್ಟೆ, ಪಾಪೆ ಗೀಪೆ ಏನಿಲ್ಲ, ಫಾಯಿಲ್ ಇದ್ದಲ್ಲಿ ಹೊಳೆಯೋದಂತೂ ಹೊಳೆಯುತ್ತೆ. ಬೇಜಾರೆಲ್ಲ ಹುಬ್ಬಿನ ಜವಾಬ್ದಾರಿ.

ಅಳತೆ ವಿಷ್ಯಕ್ಕೆ ಬಂದ್ರೆ, ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ ಅಂದ್ರೆ ಪಿಡಿಜಿಎ ನಿಯಮದಲ್ಲಿ ಡಿಸ್ಕ್‌ನ ಅಗಲ ಕನಿಷ್ಠ 21 ಸೆಂಟಿಮೀಟರ್, ಅಂಚಿನ ದಪ್ಪ ಗರಿಷ್ಠ 2.6 ಸೆಂಟಿಮೀಟರ್. ಲೆಕ್ಕ ಹಾಕಿ, ದೂರ ಎಸೆಯೋ ಅಗಲ ಅಂಚಿನ ಡ್ರೈವರ್‌ನಲ್ಲಿ ಎರಡೂ ಬದಿ ಅಂಚು ಕಳೆದ್ರೆ ನಡುವೆ ಉಳಿಯೋದು 16 ಸೆಂಟಿಮೀಟರ್ ಆಸುಪಾಸು, ಅದರಲ್ಲೂ ಗುಮ್ಮಟದ ಥರ ಉಬ್ಬಿರೋ ಡಿಸ್ಕ್ ಆದ್ರೆ ತುದಿಗಳು ಸರಿಯಾಗಿ ಒತ್ತಲ್ಲ. ಹತ್ತಿರದಿಂದ ಬಾಸ್ಕೆಟ್‌ಗೆ ಹಾಕೋ ಪಟರ್‌ಗೆ ಅಂಚು ಸಣ್ಣದು, ಮೇಲ್ಭಾಗ ಚಪ್ಪಟೆ, ಜಾಗ ಧಾರಾಳ. ಯಾವ ಡಿಸ್ಕ್ ಮೇಲೆ ಹಾಕಿಸ್ತಾರೆ ಅಂತ ಮೊದ್ಲೇ ಕೇಳಿ, ಒತ್ತೋರ ಹತ್ರ ಅವ್ರ ಟೆಂಪ್ಲೇಟ್ ಇಸ್ಕೊಳ್ಳಿ, ಅದರ ಗೆರೆಯಿಂದ ಒಂದಿಷ್ಟು ಒಳಗೇ ಇರಿ. ಪಟರ್ ಮೇಲೆ ಹಾಕಿಸಿ ಅಂತ ನಾನು ಯಾವಾಗ್ಲೂ ಹೇಳ್ತೀನಿ, ಯಾಕಂದ್ರೆ ಡ್ರೈವರ್ ಮರಕ್ಕೆ ಕಲ್ಲಿಗೆ ಬಡಿದು ಬಡಿದು ಚಿತ್ರ ಬೇಗ ಸವೆಯುತ್ತೆ. ಸವೆಯೋದು ಬಿಡಿ, ಅಸಿಟೋನ್ ಹಚ್ಚಿ ಸ್ಟ್ಯಾಂಪ್ ಉಜ್ಜಿ ತೆಗೆಯೋ ಪುಣ್ಯಾತ್ಮರೂ ಇದಾರೆ, ಅದನ್ನ ನೋಡೋಕೆ ಹೋಗ್ಬೇಡಿ, ಹೊಟ್ಟೆ ಉರಿಯುತ್ತೆ.

ಕೈಯಾರೆ ಬಣ್ಣ ಹಾಕ್ಬೇಕು ಅನ್ನೋ ಆಸೆ ಇರೋರಿಗೆ ಒಂದು ಎಚ್ಚರಿಕೆ, ದಪ್ಪಗೆ ಪೇಂಟ್ ಬಳಿದ ಡಿಸ್ಕ್ ಪಂದ್ಯದಲ್ಲಿ ನಡೆಯಲ್ಲ, ಪೇಂಟ್‌ನ ಪದರ ಕೈಗೆ ಗೊತ್ತಾಗೋ ಹಾಗಿದ್ರೆ ನಿಯಮದ ಪ್ರಕಾರ ಆ ಡಿಸ್ಕ್ ಅನರ್ಹ. ಪ್ಲಾಸ್ಟಿಕ್ ಒಳಗೆ ಇಳಿಯೋ ಡೈ ಬೇರೆ, ಅದು ಪದರ ಕಟ್ಟಲ್ಲ, ಸುಮಾರು ಜನ ಮನೇಲೇ ಮಾಡ್ತಾರೆ.

ಅಕ್ಷರ, ಆಮೇಲೆ ಆ ಫೋನ್ ನಂಬರ್

ಟೈಟಲ್ ಅಕ್ಷರ ಫಾಂಟ್‌ನಿಂದ ತಗೋಬೇಡಿ, ಕೈಲೇ ಬರೀರಿ. ರಕ್ತ ತೊಟ್ಟಿಕ್ಕೋ ಫಾಂಟ್ ಅಂತೂ ಬೇಡ್ವೇ ಬೇಡ, ನೋಡಿ ನೋಡಿ ಸಾಕಾಗಿದೆ. ನಮ್ಮ ಲಿಪಿಗೆ ಒಂದು ಅನುಕೂಲ ಇದೆ, ಕನ್ನಡ ಅಕ್ಷರಗಳು ಮೊದಲೇ ದುಂಡಗಿವೆ, ವೃತ್ತದ ಅಂಚಿಗೆ ಬಗ್ಗಿಸಿದ್ರೆ ಹಠ ಮಾಡಲ್ಲ, ತಲೆಕಟ್ಟುಗಳನ್ನ ಅಲೆ ಥರ ಎಳೀಬಹುದು. ಆದ್ರೆ ಒತ್ತಕ್ಷರ ನೋಡ್ಕೊಳ್ಳಿ, ಕೆಳಗೆ ನೇತಾಡೋ ಒತ್ತಿಗೆ ಜಾಗ ಬಿಡದಿದ್ರೆ ಸ್ಟ್ಯಾಂಪ್‌ನಲ್ಲಿ ಕೆಳಗಿನ ಗೆರೆ ಜೊತೆ ಅಂಟ್ಕೊಂಡು ಇನ್ನೊಂದೇ ಪದ ಆಗುತ್ತೆ. ಟ್ಯಾಗ್‌ಲೈನ್‌ಗೆ ಅಕ್ಷರದ ಎತ್ತರ ನಾಲ್ಕೈದು ಮಿಲಿಮೀಟರ್‌ಗಿಂತ ಇಳಿಸ್ಬೇಡಿ.

ಕೆಸರಣ್ಣನ ಬೆನ್ನಿನ ಡಿಸ್ಕ್‌ಗಳ ಮೇಲೆ ಅರ್ಧ ಅಳಿಸಿಹೋದ ಹೆಸರು, ನಂಬರ್ ಬರೀಬೇಕು ಅನ್ನಿಸ್ತು. ಸುಮ್ನೆ ಬಾಯಿಗೆ ಬಂದ ಹತ್ತು ಅಂಕಿ ಬರೆದಿದ್ದೆ, ಕಳ್ಸೋ ಮುಂಚೆ ಹೊಳೀತು, ಅದು ಯಾರದೋ ನಿಜವಾದ ನಂಬರ್ ಆಗಿದ್ರೆ? ನೂರು ಡಿಸ್ಕ್, ನೂರು ಜನ ತಮಾಷೆಗೆ ಫೋನ್ ಮಾಡಿ "ಕೆಸರಣ್ಣ ಇದಾನಾ" ಅಂದ್ರೆ ಆ ಮನುಷ್ಯನ ಗತಿ ಏನು. ಮೂರು ನಾಲ್ಕು ಅಂಕಿ ಬಿಟ್ಟು ಉಳಿದಿದ್ದಕ್ಕೆ ಪಾಚಿ ಹೊದಿಸ್ದೆ. ಚಿತ್ರಕ್ಕೂ ಅದೇ ಚೆನ್ನಾಗಿತ್ತು.

ಭಯದ ಡೋಸ್ ಬಗ್ಗೆ ಉದ್ದ ಮಾತು ಬೇಡ, ಕೋರ್ಸ್ ಅಂದ್ರೆ ಪಾರ್ಕ್, ಮಕ್ಕಳು ಮರಿ ಇರ್ತಾರೆ, ಕರುಳು ಹೊರಗೆ ಹಾಕೋದ್ಬೇಡ. ಕೆಸರು ತೊಟ್ಟಿಕ್ಲಿ, ರಕ್ತದಷ್ಟೇ ಕೆಲಸ ಮಾಡುತ್ತೆ.

ಫೈಲ್ ಕಳ್ಸೋವಾಗ ವೆಕ್ಟರ್ ಕಳ್ಸಿ, ಬರೀ ಕಪ್ಪು, ಅಕ್ಷರಗಳನ್ನ ಔಟ್‌ಲೈನ್‌ಗೆ ಬದಲಾಯಿಸಿ, ಇಲ್ಲಾಂದ್ರೆ ಅವ್ರ ಕಂಪ್ಯೂಟರ್‌ನಲ್ಲಿ ಕನ್ನಡ ಒಡೆದು ಚೂರುಚೂರಾಗಿರುತ್ತೆ. ಪ್ರೂಫ್ ಬಂದ್ರೆ ಫೋನ್‌ನಲ್ಲಿ ನೋಡಿ ಓಕೆ ಅನ್ಬೇಡಿ, ನಿಜವಾದ ಅಳತೆಗೆ ಪ್ರಿಂಟ್ ತೆಗೆದು, ದುಂಡಗೆ ಕತ್ತರಿಸಿ, ಒಂದು ಡಿಸ್ಕ್ ಮೇಲೆ ಅಂಟಿಸಿ ಕೈಲಿ ಹಿಡಿದು ನೋಡಿ. ಹೆಬ್ಬೆರಳು ಎಲ್ಲಿ ಬರುತ್ತೆ ಗಮನಿಸಿ, ನಮ್ಮದರಲ್ಲಿ ಸರಿಯಾಗಿ ಕಣ್ಣಿನ ಮೇಲೆ ಬರ್ತಿತ್ತು, ಹಿಡಿದಾಗ್ಲೆಲ್ಲ ದೆವ್ವದ ಕಣ್ಣಿಗೆ ಚುಚ್ಚಿದ ಹಾಗೆ. ಅದನ್ನ ಬೇಕಂತಾನೇ ಬಿಟ್ವಿ.

ಪಂದ್ಯದ ದಿನ ದೆವ್ವ ಓಡಾಡ್ಬೇಕು ಅಂದ್ರೆ

ಇದು ಕಡ್ಡಾಯ ಅಲ್ಲ, ಆದ್ರೆ ಡಿಸ್ಕ್ ನೋಡಿದ ಮೇಲೆ ಯಾರಾದ್ರೂ ಒಬ್ರು "ವೇಷ ಹಾಕೋಣ" ಅಂದೇ ಅಂತಾರೆ. 1959ರಲ್ಲಿ ವಿಲಿಯಂ ಕ್ಯಾಸಲ್ ಅನ್ನೋ ನಿರ್ದೇಶಕ ತನ್ನ ಸಿನಿಮಾ ನಡೀವಾಗ ಥಿಯೇಟರ್ ಒಳಗೆ ತಂತಿ ಕಟ್ಟಿ ಪ್ರೇಕ್ಷಕರ ತಲೆ ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರ ಹಾರಿಸ್ತಿದ್ದ, ಹುಡುಗರು ಹೆದರೋ ಬದ್ಲು ಕೈಗೆ ಸಿಕ್ಕಿದ್ದನ್ನ ಎಸೆದು ಅದನ್ನ ಬೀಳಿಸೋಕೆ ನೋಡ್ತಿದ್ರು. ಫೇರ್‌ವೇ ಮೇಲೆ ಏನಾದ್ರೂ ನೇತಾಕೋಣ ಅನ್ಸಿದಾಗ ಇದನ್ನ ನೆನಪು ಮಾಡ್ಕೊಳ್ಳಿ, ನಿಮ್ಮ ಪ್ರೇಕ್ಷಕರ ಎಲ್ರ ಕೈಲೂ ಎಸೆಯೋ ಸಾಮಾನು ಇದೆ, ಅದೂ ಗುರಿ ಇಟ್ಟು ಎಸೆಯೋ ಜನ.

ವೇಷ ಹಾಕ್ದೋರು ಎಸೆಯೋರ ಹಿಂದೆ ದೂರಕ್ಕೆ, ಕಣ್ಣಿಗೆ ಬೀಳದ ಹಾಗೆ ನಿಲ್ಬೇಕು, ಎಸೆಯೋವಾಗ ಅಲುಗಾಡೋದು ಕೂಗೋದು ಮಾಡಿದ್ರೆ ಆಟದ ಶಿಷ್ಟಾಚಾರಕ್ಕೆ ವಿರುದ್ಧ. ಮುಖವಾಡದಲ್ಲಿ ಪಕ್ಕದಿಂದ ಬರೋ ಡಿಸ್ಕ್ ಕಾಣಲ್ಲ, ಕಿವಿ ಮುಚ್ಚಿದ್ರೆ ಡಿಸ್ಕ್ ಬರ್ತಿದೆ ಹುಷಾರ್ ಅನ್ನೋಕೆ "ಫೋರ್" ಅಂತ ಕೂಗಿದ್ದೂ ಕೇಳಲ್ಲ, ಹಾಗಾಗಿ ಮುಖಕ್ಕೆ ಬಣ್ಣ ಬಳ್ಕೊಳ್ಳೋದು ವಾಸಿ. ವೇಷದಲ್ಲೇ ಆಡ್ತೀನಿ ಅನ್ನೋರಿಗೆ ಎಸೆಯೋ ಕೈಗೆ ಅಂಗಿ ತೋಳು ಬೇಡ, ಜೋಲಾಡೋ ಬಟ್ಟೆ ಬೇಡ, ಮೇಲ್ಮಟ್ಟದ ಪಂದ್ಯಗಳಲ್ಲಿ ಡ್ರೆಸ್ ಕೋಡ್ ಇರುತ್ತೆ, ಟೂರ್ನಮೆಂಟ್ ಡೈರೆಕ್ಟರ್‌ನ ಮೊದ್ಲೇ ಕೇಳ್ಕೊಳ್ಳಿ.

ಕೆಸರಣ್ಣನ ವೇಷ ತುಂಬ ಸುಲಭದ್ದು, ಹಳೇ ರೇನ್‌ಕೋಟ್, ಬೆನ್ನಿಗೆ ಸೀಳಿಹೋದ ಡಿಸ್ಕ್‌ಗಳನ್ನ ಮೀನಿನ ಪೊರೆ ಥರ ಹೊಲಿದಿದ್ವಿ, ಭುಜದಿಂದ ಹಸಿರು ನೂಲು. ಕೋಲಿಗೆ ಮಾತ್ರ ರಟ್ಟು ಸುತ್ತಿ ಸುಳ್ಳು ಈಟಿ ಮಾಡೋಣ ಅಂತಿದ್ರು, ನಾನು ಬೇಡ ನಿಜವಾದ ರಿಟ್ರೀವರ್ ಕೊಡಿ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅಂದೆ. ಬೆಳಗ್ಗೆ ಏಳನೇ ಹೋಲ್ ಹತ್ರ ಹೋಗಿ ನಿಂತ ಹುಡುಗ ಒಂದು ಗಂಟೆ ಎಲ್ರನ್ನೂ ಹೆದರಿಸ್ದ, ಅಷ್ಟೊತ್ತಿಗೆ ಒಬ್ರ ಡಿಸ್ಕ್ ಹೊಂಡಕ್ಕೆ ಬಿತ್ತು, ಅವ್ರು ಇವನ ಕಡೆ ನೋಡಿದ್ರು, ಇವನು ಕೋಲಿನ ಕಡೆ ನೋಡ್ದ. ಅಲ್ಲಿಂದ ಸಾಯಂಕಾಲದವರೆಗೂ ಮೊಣಕಾಲುದ್ದ ಕೆಸರಲ್ಲಿ ನಿಂತು ಡಿಸ್ಕ್ ತೆಗೆದು ತೆಗೆದು ಕೊಡೋದೇ ಕೆಲಸ ಆಯ್ತು ಅವನಿಗೆ, ಹಳೇವೂ ಒಂದು ಹದಿನಾಲ್ಕು ಸಿಕ್ವು, ಅದ್ರಲ್ಲಿ ನಂಬರ್ ಕಾಣ್ತಿದ್ದಿದ್ದು ಐದು. ರಾತ್ರಿ ಕೂತು ಐದೂ ಜನಕ್ಕೆ ಫೋನ್ ಮಾಡ್ದ, ಇಬ್ರು ಎತ್ತಿದ್ರು.